ಅರ್ತ್ ನೋಡದೆ ಬಲ್ಬ್ ಬದಲಿಸಿದ ಹೆಡ್‌ಲೈಟ್ ರಿಪೇರಿ: ಸರ್ವಿಸ್ ಸೆಂಟರ್‌ಗೆ ದೂರು ಪತ್ರ

ಇಂದ:
ವಾಹನ ಉಸ್ತುವಾರಿ, ಕಾಫಿ ತೋಟ,
ಆಲ್ದೂರು ಹೋಬಳಿ, ಚಿಕ್ಕಮಗಳೂರು ತಾಲ್ಲೂಕು

ಗೆ:
ವ್ಯವಸ್ಥಾಪಕರು, ಸರ್ವಿಸ್ ಸೆಂಟರ್, ಚಿಕ್ಕಮಗಳೂರು

ವಿಷಯ: 1996ರ ಡೀಸೆಲ್ ಜೀಪಿನ ಹೆಡ್‌ಲೈಟ್ ದುರಸ್ತಿಯಲ್ಲಿ ಆಗಿರುವ ಲೋಪ, ಮರುದುರಸ್ತಿ ಹಾಗೂ ಹಣ ವಾಪಸಾತಿ ಕುರಿತು.

ಮಾನ್ಯರೇ,

ಎಡಗಡೆ ಹೆಡ್‌ಲೈಟ್ ಮಂಕಾಗಿದೆ ಎಂದು ನಮ್ಮ ತೋಟದ ಜೀಪನ್ನು ನಿಮ್ಮಲ್ಲಿ ಬಿಟ್ಟಿದ್ದೆವು. 3,850 ರೂಪಾಯಿ ಬಿಲ್ ಕಟ್ಟಿ ತಂದ ಎರಡನೇ ರಾತ್ರಿಗೇ ಅದೇ ತೊಂದರೆ ಮರುಕಳಿಸಿತು. ಜೊತೆಗೆ ಎಡ ಬಲ್ಬಿನ ಹೋಲ್ಡರ್ ಕರಗಿತು. ಫೋನ್ ಮಾಡಿದರೆ ನಿಮ್ಮವರು ‘ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಭಾಗ) ವೀಕ್ ಆಗಿದೆ, ಹೊಸದು ಹಾಕಬೇಕು’ ಎಂದರು. ಇದನ್ನು ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಅಳತೆ ಸಮೇತ ಕೆಳಗೆ ಬರೆದಿದ್ದೇವೆ. ದಯವಿಟ್ಟು ನಿಮ್ಮ ಎಲೆಕ್ಟ್ರಿಷಿಯನ್ ಕೈಗೂ ಈ ಪತ್ರ ಕೊಡಿ.

ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಒಂದು ಮಾತು ಬರೆಸಿದ್ದೆವು: ಡಿಮ್‌ನಲ್ಲಿ ಓಡಿಸುವಾಗ ಗುಂಡಿ ಇಳಿದರೆ ಎಡ ದೀಪ ಕೆಂಡದಂತೆ ಕೆಂಪಗಾಗುತ್ತದೆ, ಅದೇ ಕ್ಷಣ ಮೀಟರ್ ಬೋರ್ಡಿನ ಬ್ರೈಟ್ ಸೂಚಿಸುವ ನೀಲಿ ದೀಪ ಸಣ್ಣಗೆ ಮಿಣುಕುತ್ತದೆ. ಹಳೇ ಗಾಡಿಗಳ ವೈರಿಂಗ್ ಬಲ್ಲವರಿಗೆ ಇಷ್ಟು ಸಾಕಿತ್ತು. ಈ ಬಲ್ಬಿನಲ್ಲಿ ಡಿಮ್, ಬ್ರೈಟ್ ಎರಡೂ ಫಿಲಮೆಂಟಿಗೆ ಅರ್ತ್ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿ ಮೈನಸ್‌ಗೆ ಮರಳುವ ದಾರಿ) ಒಂದೇ. ಅದು ತಪ್ಪಿದರೆ ಡಿಮ್ ಫಿಲಮೆಂಟಿನ ಕರೆಂಟ್ ಬ್ರೈಟ್ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಬ್ರೈಟ್ ವೈರಿನಲ್ಲಿ ಬಲಗಡೆ ದೀಪಕ್ಕೂ ನೀಲಿ ದೀಪಕ್ಕೂ ಹರಿದು ಅಲ್ಲಿಂದ ಅರ್ತ್ ಸೇರುತ್ತದೆ. ನೀಲಿ ದೀಪ ಮಿಣುಕುವುದು ಅದಕ್ಕೇ. ಬೇರೆ ಪರೀಕ್ಷೆಯೇ ಇಲ್ಲದೆ ಎಡಗಡೆ ಅರ್ತ್ ಬಿಚ್ಚಿ ನೋಡಬಹುದಿತ್ತು.

ನಿಮ್ಮವರು ಮಾಡಿದ ಪರೀಕ್ಷೆಯೂ ತಪ್ಪು. ಬಲ್ಬಿನಿಂದ ಕಪ್ಲರ್ (ವೈರಿನ ತುದಿಯ ಪ್ಲಗ್) ಕಿತ್ತು, ಖಾಲಿ ಕಪ್ಲರಿಗೆ ಮಲ್ಟಿಮೀಟರ್ ಹಿಡಿದು, ‘12.4 ವೋಲ್ಟ್ ಬರ್ತಿದೆ, ವೈರಿಂಗ್ ಓಕೆ’ ಎಂದು ನಮ್ಮ ಡ್ರೈವರಿಗೆ ತೋರಿಸಿದ್ದಾರೆ. ಲೋಡ್ ಇಲ್ಲದಾಗ ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಕಪ್ಲರಿನ ಹಿಂದಿನಿಂದ ಪಿನ್ ಚುಚ್ಚಿ ಅಳೆಯಬೇಕು.

ಹಾಗೆ ಅಳೆದಾಗ ನಮಗೆ ಸಿಕ್ಕಿದ್ದು ಹೀಗಿದೆ. ಇಂಜಿನ್ ಓಡುತ್ತಿದೆ, ಡಿಮ್ ಹಾಕಿದೆ. ಬ್ಯಾಟರಿ ಟರ್ಮಿನಲ್ಲಿನಲ್ಲಿ 13.9 ವೋಲ್ಟ್. ಹೆಡ್‌ಲೈಟ್ ಉರಿಯುವಾಗಲೂ ಇಷ್ಟು ಕೊಡುವ ಆಲ್ಟರ್ನೇಟರ್ ವೀಕ್ ಆಗಿರುವುದಾದರೂ ಹೇಗೆ? ಬಲ ಬಲ್ಬಿಗೆ ಸಿಗುತ್ತಿರುವುದು 12.1, ಎಡಕ್ಕೆ ಬರೀ 9.6. ಎಡಗಡೆ ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್‌ವರೆಗೆ 1.6 ವೋಲ್ಟ್ ಸೋರಿದರೆ, ಬಲ್ಬಿನ ಅರ್ತ್‌ನಿಂದ ಬ್ಯಾಟರಿ ಮೈನಸ್‌ವರೆಗೆ 2.7 ವೋಲ್ಟ್ ಸೋರುತ್ತಿದೆ. ಅರ್ತ್ ಕಡೆ 0.2 ದಾಟಬಾರದು, ಪ್ಲಸ್ ಕಡೆ 0.5 ದಾಟಬಾರದು. ವೋಲ್ಟೇಜ್ ಶೇ. 10 ಇಳಿದರೆ ಹ್ಯಾಲೊಜೆನ್ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಆ ಲೆಕ್ಕದಲ್ಲಿ ಎಡ ದೀಪ ಬಲಗಡೆಯದರ ಅರ್ಧದಷ್ಟೂ ಬೆಳಕು ಕೊಡುತ್ತಿರಲಿಲ್ಲ. ಹೋಲ್ಡರಿನ ಅರ್ತ್‌ನಿಂದ ಬ್ಯಾಟರಿ ಮೈನಸ್‌ಗೆ ಒಂದು ತುಂಡು ವೈರ್ ನೇರ ಹಿಡಿದ ಕೂಡಲೇ ಎಡ ಬಲ್ಬಿನ ವೋಲ್ಟೇಜ್ 12.1ಕ್ಕೆ ಏರಿತು.

ಎಡ ಡೂಮಿನ (ಹೆಡ್‌ಲೈಟಿನ ಬಟ್ಟಲು) ಹಿಂದೆ, ಅರ್ತ್ ಥಿಂಬಲ್ (ವೈರಿನ ತುದಿಯ ಲೋಹದ ಬಳೆ) ಕೂತ ಜಾಗವನ್ನು ಬಿಚ್ಚಿ ನೋಡಿ. ಸ್ಕ್ರೂ ಹೊಸದು, ಹೊಳೆಯುತ್ತಿದೆ, ನಿಮ್ಮವರೇ ಹಾಕಿದ್ದು. ಥಿಂಬಲ್ ಒಳಗೆ ಹಸಿರು ಕಿಲುಬು, ಅದರಡಿ ಹಳೇ ಪೇಂಟು, ಪೇಂಟಿನಡಿ ತುಕ್ಕು. ತಂತಿಯ ಎಳೆಗಳಲ್ಲಿ ನಾಲ್ಕೈದು ಮಾತ್ರ ಉಳಿದಿವೆ. ಮಲೆನಾಡಿನ ಮಳೆಯಲ್ಲಿ ಮೂವತ್ತು ವರ್ಷ ಸಮೀಪಿಸಿದ ಗಾಡಿಗೆ ಇದು ಅಪರೂಪದ ಕಾಯಿಲೆಯೇನಲ್ಲ, ನೋಡುವವರು ಬೇಕಷ್ಟೆ.

ಬೆಳಕು ಕಡಿಮೆ ಎಂದು 60/55 ವ್ಯಾಟ್ (ಬ್ರೈಟ್ 60, ಡಿಮ್ 55) ಬಲ್ಬ್ ತೆಗೆದು 100/90 ಹಾಕಿದ್ದು ಇನ್ನೂ ದೊಡ್ಡ ತಪ್ಪು. ಈ ಜೀಪಿಗೆ ಹೆಡ್‌ಲೈಟ್ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟ್ ಹಾಯಿಸುವ ಸಾಧನ) ಇಲ್ಲ, ಪೂರ್ತಿ ಕರೆಂಟ್ ಸ್ಟೇರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹಾಯಬೇಕು. ಮೊದಲು ಬ್ರೈಟ್‌ನಲ್ಲಿ ಎರಡೂ ದೀಪ ಸೇರಿ 10 ಆಂಪಿಯರ್ ಹರಿಯುತ್ತಿದ್ದ ಕಡೆ ಈಗ 17 ಆಂಪಿಯರ್ ಹತ್ತಿರ. 15 ಆಂಪಿಯರ್ ಫ್ಯೂಸ್ ಹೋಗಿದ್ದು ಸಹಜ. ಅದನ್ನು ಎಚ್ಚರಿಕೆ ಎಂದು ತಿಳಿಯದೆ ನಿಮ್ಮವರು 30 ಆಂಪಿಯರ್ ಫ್ಯೂಸ್ ತುರುಕಿದ್ದಾರೆ. ಇನ್ನು ಶಾರ್ಟ್ ಆದರೆ ಫ್ಯೂಸಿಗಿಂತ ಮೊದಲು ವೈರ್ ಸುಡುತ್ತದೆ. ಹೋಲ್ಡರ್ ಕರಗಿದ್ದು ಅದರ ಮೊದಲ ಹಂತ ಅಷ್ಟೇ. ಜೂನ್-ಜುಲೈನಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಂಜಿನಲ್ಲಿ ತಿರುವು ಕಾಣದ ಹೊತ್ತಿಗೆ ಎರಡೂ ದೀಪ ಒಟ್ಟಿಗೆ ಆರಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಹಿಂದಿನ ಸೀಟಿನಲ್ಲಿ ಆಳುಮಕ್ಕಳು ಇರುತ್ತಾರೆ.

ಡೂಮಿನ ಹಿಂದಿನ ರಬ್ಬರ್ ಕ್ಯಾಪ್ ಮರಳಿ ಹಾಕಿಲ್ಲ, ಗಾಜಿನೊಳಗೆ ಈಗಾಗಲೇ ನೀರಿನ ಪಸೆ ಕಾಣುತ್ತಿದೆ. ಫೋಕಸ್ ಕೂಡ ಸರಿಹೊಂದಿಸಿಲ್ಲ.

ನಾವು ಕೇಳುವುದು ಇಷ್ಟು. 60/55 ಬಲ್ಬ್ ಮತ್ತು 15 ಆಂಪಿಯರ್ ಫ್ಯೂಸ್ ವಾಪಸ್ ಹಾಕಿ, ಕರಗಿದ ಹೋಲ್ಡರ್ ಬದಲು ಸೆರಾಮಿಕ್ ಹೋಲ್ಡರ್ ಕೊಡಿ. ಎರಡೂ ಕಡೆ ಅರ್ತ್ ಜಾಗವನ್ನು ಎಮರಿ ಪೇಪರಿನಲ್ಲಿ ಬರಿ ಲೋಹ ಕಾಣುವವರೆಗೆ ಉಜ್ಜಿ, ಹೊಸ ಥಿಂಬಲ್ ಮತ್ತು ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಾಡಿಯನ್ನೇ ನಂಬದೆ 2.5 ಚದರ ಮಿ.ಮೀ. ವೈರನ್ನು ಬ್ಯಾಟರಿ ಮೈನಸ್‌ವರೆಗೆ ಎಳೆಯಿರಿ. ಪ್ಲಸ್ ಕಡೆಯ ನಷ್ಟ ನಿಲ್ಲಿಸಲು ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು ರಿಲೇ ಬೇಕು: ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಸಪ್ಲೈ, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ ವೈರ್, 85 ಅರ್ತ್. ರಿಲೇಗಳ ಬೆಲೆ ನಾವು ಕೊಡುತ್ತೇವೆ. ಉಳಿದ ಕೆಲಸಕ್ಕೆ ಮತ್ತೆ ಹಣ ಕೊಡುವುದಿಲ್ಲ. 100/90 ಬಲ್ಬಿಗೂ ‘ವೈರಿಂಗ್ ಚೆಕಪ್’ ಎಂದೂ ಹಾಕಿರುವ 1,900 ರೂಪಾಯಿ ವಾಪಸ್ ಬೇಕು. ಗಾಡಿ ಒಪ್ಪಿಸುವಾಗ ದೀಪ ಉರಿಸಿ, ಮೇಲೆ ಹೇಳಿದ ಎಲ್ಲ ಅಳತೆಗಳನ್ನೂ ನಮ್ಮೆದುರು ತೆಗೆದು ಬಿಲ್ಲಿನ ಮೇಲೆ ಬರೆದುಕೊಡಿ.

ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಅಲ್ಲಿಯವರೆಗೆ ಜೀಪನ್ನು ಕತ್ತಲಾದ ಮೇಲೆ ಹೊರಗೆ ತೆಗೆಯುವುದಿಲ್ಲ. ಕರಗಿದ ಹೋಲ್ಡರ್, 30 ಆಂಪಿಯರ್ ಫ್ಯೂಸ್ ಎರಡನ್ನೂ ತೆಗೆದಿಟ್ಟಿದ್ದೇವೆ, ಬಂದು ನೋಡಬಹುದು.

ಇತಿ,
ವಾಹನ ಉಸ್ತುವಾರಿ

ಲಗತ್ತು: ಬಿಲ್ ಮತ್ತು ಜಾಬ್ ಕಾರ್ಡಿನ ನಕಲು, ಅರ್ತ್ ಥಿಂಬಲ್ ಹಾಗೂ ಹೋಲ್ಡರಿನ ಫೋಟೋಗಳು