ತೇರಿನ ಮರುದಿನ ಹಸಿವು ಲೆಕ್ಕ ಹಾಕಿದರೆ ಹೇಗೆ ಸಾಹೇಬರೇ?

ಮಾನ್ಯ ಶಾಸಕರಿಗೆ ಹಳೇ ಹುಬ್ಬಳ್ಳಿಯಿಂದ ನಮಸ್ಕಾರ.

ಮೂರು ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದೋ ಹಾಗೆ ಬರೆಯುತ್ತಿದ್ದೇನೆ. ನಮ್ಮ ಓಣಿಯ ಆಹಾರ ಸಮೀಕ್ಷೆ ಮತ್ತೊಮ್ಮೆ ಮಾಡಿಸಿ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ರೋಣದ ಕಡೆಯ ಹೊಳೆದಂಡೆ ಊರುಗಳಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ಏಳು ಮನೆಯವರು ನಮ್ಮ ಓಣಿಯ ಹಿಂದೆ ತಗಡಿನ ಶೆಡ್ಡಿನಲ್ಲಿದ್ದಾರೆ. ನಾಲ್ಕು ದಿನಕ್ಕೆ ಅಂತ ಬಂದವರು.

ಸಮೀಕ್ಷೆಯವರು ಬಂದಿದ್ದು ಸಿದ್ಧಾರೂಢ ಮಠದ ಶಿವರಾತ್ರಿ ತೇರಿನ ಮರುದಿನ, ಬೆಳಿಗ್ಗೆ ಹನ್ನೊಂದಕ್ಕೆ. ಶೆಡ್ಡಿನವರು ಗೌಂಡಿ ಕೆಲಸಕ್ಕೆ ಹೋಗಿದ್ದರು, ಬಾಗಿಲಿಗೆ ಕೀಲಿ. 'ಯಾರೂ ಇಲ್ಲ' ಅಂತ ಬರೆದುಕೊಂಡರು. "ನಿನ್ನೆ ಊಟ ಆಯ್ತಾ?" ಅಂತ ನನ್ನನ್ನು ಕೇಳಿದರು. ಆಯ್ತು ಸ್ವಾಮಿ, ಮಠದ ಪ್ರಸಾದ, ಹೊಟ್ಟೆ ತುಂಬ! ಗುರುತು ಹಾಕಿಕೊಂಡು, ನಾನು ಕೊಟ್ಟ ಚಹಾ ಕುಡಿದು ಹೋದರು. ಸಕ್ಕರೆ ಪಕ್ಕದ ಮನೆಯಿಂದ ಕಡ ತಂದದ್ದು. ಅದಕ್ಕೆ ಕಾಲಂ ಇರಲಿಲ್ಲ ಅಂತ ಕಾಣುತ್ತೆ.

ಅದೇ ರಾತ್ರಿ ಶೆಡ್ಡಿನ ಅಕ್ಕ ಸೆರಗಿನಡಿ ಬಟ್ಟಲು ಹಿಡಿದು ಬಂದಳು. ಜೋಳದ ಹಿಟ್ಟು ಬೇಕಿತ್ತು. ಆ ತಿಂಗಳಲ್ಲಿ ನಾಲ್ಕನೇ ಸಲ. ನನ್ನ ಡಬ್ಬಿಯಲ್ಲಿ ಇದ್ದದ್ದೇ ಐದು ರೊಟ್ಟಿಗಾಗುವಷ್ಟು, ಅದರಲ್ಲೇ ಎರಡು ರೊಟ್ಟಿಯದು ಕೊಟ್ಟೆ. ಆಮೇಲೆ ಮಕ್ಕಳಿಗೆ 'ನನ್ನದಾಯ್ತು' ಅಂತ ಸುಳ್ಳು ಹೇಳಿ ನೀರು ಕುಡಿದು ಮಲಗಿದೆ.

ರೇಷನ್ ಇಲ್ವಾ ಅಂತೀರಿ. ಯಾವ ಊರಿನ ಕಾರ್ಡಾದರೂ ರಾಜ್ಯದ ಯಾವ ಅಂಗಡಿಯಲ್ಲಾದರೂ ಅಕ್ಕಿ ಸಿಗಬೇಕು, ನಿಯಮ ನಿಮಗೇ ಗೊತ್ತು. ಆದರೆ ಸಿಮೆಂಟಿನಲ್ಲಿ ಸವೆದ ಬೆರಳನ್ನು ಆ ಯಂತ್ರ ಒಪ್ಪಲ್ಲ, ಅಂಗಡಿಯವರು "ನಿಮ್ಮೂರಿಗೇ ಹೋಗಿ" ಅಂತಾರೆ. ಹೆಂಗಸರಿಗೆ ಬಸ್ಸು ಫ್ರೀ, ಸರಿ. ಹೋದ ಕೂಲಿ ಯಾರು ಕೊಡ್ತಾರೆ?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಎಂಟು ಪ್ರಶ್ನೆ ಕೇಳ್ತಾರೆ ಅಂತ ಮಗಳು ಮೊಬೈಲಿನಲ್ಲಿ ತೋರಿಸಿದಳು. ಹಿಂದಿನ 12 ತಿಂಗಳಲ್ಲಿ ದುಡ್ಡಿಲ್ಲದೆ ಊಟ ಬಿಟ್ಟಿದ್ದಿರಾ, ಹಸಿವಾದರೂ ಉಣ್ಣದೆ ಇದ್ದಿರಾ ಅಂತ. ನಿರಾಶ್ರಿತರ ಶಿಬಿರಗಳಲ್ಲಂತೂ ಕಡ ತಂದು ಉಂಡಿರಾ, ಮಕ್ಕಳಿಗಾಗಿ ದೊಡ್ಡವರು ಕಡಿಮೆ ಉಂಡಿರಾ ಅಂತಲೂ ಕೇಳ್ತಾರಂತೆ, ಸುತ್ತಲಿನ ಊರಿನ ಬಡವರನ್ನೂ ಕೇಳ್ತಾರಂತೆ. ನಮಗೆ ಮಾತ್ರ ಒಂದೇ ಪ್ರಶ್ನೆ, ಅದೂ ಪ್ರಸಾದ ಉಂಡ ಮರುದಿನ!

ಸಮೀಕ್ಷೆ ಮತ್ತೆ ಮಾಡಿಸಿ. ತೇರು, ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು, ತಿಂಗಳ ಕೊನೆಗೆ, ಸಂಜೆ ಏಳರ ಮೇಲೆ ಕಳಿಸಿ. ಹಿಟ್ಟು ಕೇಳಿದವರನ್ನೂ ಕೇಳಲಿ, ಕೊಟ್ಟವರನ್ನೂ ಕೇಳಲಿ. ನೀವೂ ಬನ್ನಿ, ಚಹಾ ಮಾಡ್ತೇನೆ.

ಸಕ್ಕರೆ ಮಾತ್ರ ನೀವೇ ತನ್ನಿ.

ಇಂತಿ,
ನಿಮ್ಮ ಒಬ್ಬ ಮತದಾರಳು