ಸೀನನಿಗೊಂದು ಪತ್ರ: ಆಲೂಗಡ್ಡೆ ಮುಗಿಸಿ ನಾರ್ವೆಗೆ

ಲೋ ಸೀನ,

ಫೋನಲ್ಲಿ ಕೇಳ್ದೆ ನೋಡು, "ಅಷ್ಟು ಮೇಲಕ್ಕೆ ಹೋಗಿ ಯಾರ ಮುಖ ನೋಡಿದ್ರೋ ಮಾರಾಯಾ, ಅಲ್ಲಿ ಹಿಮಸಾರಂಗ ಬಿಟ್ರೆ ಜನಾನೇ ಇಲ್ವಂತಲ್ಲ" ಅಂತ. ಆಗ ಉತ್ತರ ಕೊಡೋಷ್ಟು ಟೈಮಿರ್ಲಿಲ್ಲ, ನಾವು ಫಿನ್‌ಲ್ಯಾಂಡ್ ದಾಟಿ ನಾರ್ವೆಯ ಉತ್ತರ ತುದಿವರೆಗೂ ಗಾಡೀಲಿ ಹೋಗಿ ಬಂದ ಕಥೆ ಈಗ ಕೂತು ಬರೀತಿದೀನಿ, ಉದ್ದ ಆಗತ್ತೆ, ಟೀ ಪಕ್ಕದಲ್ಲಿಟ್ಕೊಂಡು ಓದು. ನಮ್ ಬ್ಯಾಚಿನ ಉಳಿದವ್ರೂ ಇದನ್ನೇ ಕೇಳಿರೋದ್ರಿಂದ ಎಲ್ರಿಗೂ ಕಾಣೋ ಹಾಗೇ ಹಾಕ್ತಿದೀನಿ, ಬೈಬೇಡ.

ಜನ ಇಲ್ಲ ಅನ್ನೋದು ನಿಜಾನೇ, ಆದ್ರೆ ರಸ್ತೇನೂ ಇಲ್ವಲ್ಲೋ! ಅದೇ ಗಮ್ಮತ್ತು. ಫಿನ್‌ಲ್ಯಾಂಡಿನ ರೊವಾನಿಯೆಮಿ ಊರು ದಾಟಿದ್ಮೇಲೆ ಉತ್ತರಕ್ಕೆ ಹೋಗೋರೆಲ್ಲ ಹೆಚ್ಚುಕಮ್ಮಿ ಅದೇ ಇ75 ಹೆದ್ದಾರಿ ಹಿಡೀಬೇಕು, ಸೊದಾಂಕ್ಯುಲಾ, ಇವಾಲೊ, ಇನಾರಿ, ಆಮೇಲೆ ಗಡಿ ದಾಟಿ ನಾರ್ವೆಯ ಕರಾಶೋಕ್, ಕೊನೆಗೆ ಉತ್ತರ ತುದಿ ಅಂತ ಹೆಸರಾದ ನಾರ್ಡ್‌ಕಾಪ್‌ಗೆ ಇ69 ಒಂದೇ. ಹೀಗಾಗಿ ಇವತ್ತು ಪೆಟ್ರೋಲ್ ಬಂಕಲ್ಲಿ ಕಂಡ ಮುಖ ನಾಳೆ ಕೆರೆ ದಂಡೇಲಿ, ನಾಡಿದ್ದು ಇನ್ನೊಂದು ದೇಶದ ಸೂಪರ್‌ಮಾರ್ಕೆಟ್ಟಲ್ಲಿ ಸಿಗತ್ತೆ, ಮೂರನೇ ಸಲ ಸಿಕ್ಕಾಗ ನಗ್ದೇ ಇರೋಕೆ ಆಗತ್ತಾ? ಹ್ಯಾಂಬರ್ಗಲ್ಲಿ ನಮ್ಮ ಎದುರು ಮನೆಯವ್ರ ಹೆಸ್ರು ನಂಗಿನ್ನೂ ಗೊತ್ತಿಲ್ಲ, ಆದ್ರೆ ಹಾಲೆಂಡಿನ ಒಂದು ರಿಟೈರ್ಡ್ ದಂಪತಿಯ ನಾಯಿಗೆ ಯಾವ ಬಿಸ್ಕೆಟ್ ಇಷ್ಟ, ಯಜಮಾನ್ರಿಗೆ ಯಾವ ಮಂಡಿ ನೋವು ಎಲ್ಲಾ ಗೊತ್ತು.

ನಾವು ಜರ್ಮನಿಯ ಟ್ರಾವೆಮ್ಯುಂಡೆ ಬಂದರಿಂದ ಹಡಗಲ್ಲಿ ಹೆಲ್ಸಿಂಕಿಗೆ ಹೋಗಿ ಅಲ್ಲಿಂದ ಡ್ರೈವ್ ಮಾಡಿದ್ದು, ಬಾಡಿಗೆ ಮೋಟರ್‌ಹೋಮು, ಅಂದ್ರೆ ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಗಾಡಿ. ಮೂರೂವರೆ ಟನ್ನೊಳಗೆ ಇದ್ರೆ ಮಾಮೂಲಿ ಕಾರಿನ ಲೈಸೆನ್ಸೇ ಸಾಕು. ದಕ್ಷಿಣ ಫಿನ್‌ಲ್ಯಾಂಡ್ ಬಗ್ಗೆ ಏನೂ ಬರೆಯಲ್ಲ, ಕಾಡು, ಕೆರೆ, ಮತ್ತೆ ಕಾಡು, ಮತ್ತೆ ಕೆರೆ, ಮಗಳು ನಿದ್ದೆ ಮಾಡಿದ್ಲು.

ಜನ ನಿಜವಾಗ್ಲೂ ಮಾತಾಡೋ ಜಾಗ ಯಾವ್ದು ಗೊತ್ತಾ, ನಗಬೇಡ, ಟಾಯ್ಲೆಟ್ ಖಾಲಿ ಮಾಡೋ ಜಾಗ. ಮೋಟರ್‌ಹೋಮಲ್ಲಿ ಸಂಡಾಸಿನ ಕೆಳಗೆ ಒಂದು ಪ್ಲಾಸ್ಟಿಕ್ ಕ್ಯಾಸೆಟ್ ಇರತ್ತೆ, ತುಂಬಿದಾಗ ಸೂಟ್‌ಕೇಸ್ ಥರ ಎಳ್ಕೊಂಡು ಹೋಗಿ ನಿಗದಿ ಜಾಗದಲ್ಲೇ ಸುರೀಬೇಕು, ಪಕ್ಕದಲ್ಲೇ ಪಾತ್ರೆ ತೊಳೆದ ನೀರು ಬಿಡೋ ಜಾಲರಿ, ಇನ್ನೊಂದು ಕಡೆ ಕುಡಿಯೋ ನೀರಿನ ನಲ್ಲಿ. ನಾರ್ವೆಯಲ್ಲಿ ಇಂಥವು ಎಷ್ಟೋ ಕಡೆ ರಸ್ತೆ ಬದಿಯಲ್ಲೇ, ಬಂಕಲ್ಲೇ ಇರ್ತವೆ. ನಮ್ಮೂರ ಬೋರ್‌ವೆಲ್ ಕಟ್ಟೆ ಹತ್ರ ಬಿಂದಿಗೆ ಇಟ್ಕೊಂಡು ನಿಂತೋರ ಹಂಗೇ ಇಲ್ಲೂ ಕ್ಯೂ, ಇಲ್ಲೂ ಹರಟೆ, ಇಲ್ಲೂ "ನಿಮ್ ಕಡೆ ಮಳೆ ಹೆಂಗೆ". ಕೈಯಲ್ಲಿ ಮಲದ ಡಬ್ಬ ಹಿಡ್ಕೊಂಡು ನಿಂತಿರೋವಾಗ ಜರ್ಮನ್ ಜಡ್ಜೂ ಒಂದೇ, ಶಿವಮೊಗ್ಗದ ಸಾಫ್ಟ್‌ವೇರ್ ಇಂಜಿನಿಯರೂ ಒಂದೇ. (ಜಡ್ಜ್ ಅಂದಿದ್ದು ಉತ್ಪ್ರೇಕ್ಷೆ ಅಲ್ಲ, ರಿಟೈರ್ಡ್ ಜಡ್ಜೇ ಸಿಕ್ಕಿದ್ರು, ರಬ್ಬರ್ ಗ್ಲೌಸ್ ಹಾಕ್ಕೊಂಡು.) ಅವ್ರೇ ಹೇಳಿದ್ದು, ಜರ್ಮನಿಯ ಗ್ಯಾಸ್ ಸಿಲಿಂಡರ್ ನಾರ್ವೆಯಲ್ಲಿ ಬದಲಾಯಿಸಿ ಕೊಡಲ್ಲ, ಕನೆಕ್ಷನ್ನೇ ಬೇರೆ, ಅದಕ್ಕೆ ಹೀಟರ್ ಕಮ್ಮಿ ಹಾಕಿ ಅಂತ. ಆಫೀಸಲ್ಲಿ ಬಾಡಿಗೆ ಕೊಟ್ಟೋರು ಹೇಳದ ಎಷ್ಟೋ ವಿಷಯ ಆ ಕ್ಯೂನಲ್ಲಿ ಗೊತ್ತಾಯ್ತು.

ಈಗ ಆಲೂಗಡ್ಡೆ ಕಥೆ. ಇವಳು ಹೆಲ್ಸಿಂಕಿಯಲ್ಲಿ ಸೋವಿ ಅಂತ ದೊಡ್ಡ ಚೀಲ ಆಲೂಗಡ್ಡೆ ತಗೊಂಡಿದ್ಲು. ಗಡಿ ಹತ್ರ ಕಾರಿಗಸ್ನಿಯೆಮಿ ಅಂತ ಸಣ್ಣ ಊರು, ನದಿ ಆ ಕಡೆ ನಾರ್ವೆ. ಸಂಜೆ ಅದೇ ಹಾಲೆಂಡ್ ದಂಪತಿ ಪಕ್ಕಕ್ಕೇ ಬಂದು ನಿಲ್ಸಿದ್ರು, ಆಕೆ ನಮ್ಮ ಚೀಲ ನೋಡಿ ಗಾಬರಿಯಾಗಿ, ನಾರ್ವೆಗೆ ಆಲೂಗಡ್ಡೆ ತಗೊಂಡು ಹೋಗೋ ಹಾಗಿಲ್ಲ, ಒಂದೂ ಇಲ್ಲ ಅಂದ್ರು. ನಾನು ತಮಾಷೆ ಅಂದ್ಕೊಂಡೆ. ಅಲ್ಲ ಕಣೋ, ನಿಜ, ಗಿಡಕ್ಕೆ ರೋಗ ಬರತ್ತೆ ಅಂತ ಹೊರದೇಶದ ಆಲೂಗಡ್ಡೆ ಪ್ರಯಾಣಿಕರು ಒಯ್ಯೋದು ನಿಷೇಧ. ಹೆಂಡ, ಸಿಗರೇಟಿಗೆ ಮಿತಿ ಇರೋದು ಗೊತ್ತಿತ್ತು, ಆಲೂಗಡ್ಡೆ ಸ್ಮಗ್ಲಿಂಗ್ ಅಂತ ಒಂದಿದೆ ಅನ್ನೋದು ಗೊತ್ತಿರ್ಲಿಲ್ಲ! ಎಸೆಯೋಕೆ ಇವಳಿಗೆ ಮನಸ್ಸಿಲ್ಲ. ಸರಿ, ಎಲ್ಲಾ ಬೇಯ್ಸಿ, ಸಾಸಿವೆ ಒಗ್ಗರಣೆ, ಅರಿಶಿನ, ಈರುಳ್ಳಿ, ಹಸಿಮೆಣಸು ಹಾಕಿ ದೊಡ್ಡ ಪಾತ್ರೆ ಪಲ್ಯ ಮಾಡಿ, ಅಲ್ಲಿ ನಿಂತಿದ್ದ ಅಷ್ಟೂ ಗಾಡಿಯವ್ರನ್ನ ಕರೆದ್ವಿ. ಡಚ್ಚಿನವ್ರು ಕುರ್ಚಿ ತಂದ್ರು, ಒಬ್ಬ ಇಟಲಿಯ ಸೈಕಲ್ ಸವಾರ ಮೂರು ಸಲ ಹಾಕ್ಸ್ಕೊಂಡ, ಫಿನ್ನಿಷ್ ಅಜ್ಜಿ ಒಬ್ರು ಒಂದು ಡಬ್ಬ ಚೀಸು ತಂದುಕೊಟ್ರು. ಆ ಚೀಸಿನ ಹೆಸರು ಲೇಯ್ಪಾಯೂಸ್ತೊ, ಬೆಂಕೀಲಿ ಚುಕ್ಕೆ ಬರೋಷ್ಟು ಸುಟ್ಟಿರ್ತಾರೆ, ಹಲ್ಲಲ್ಲಿ ಕಿಚಕಿಚ ಅನ್ನತ್ತೆ, ತುಂಡು ಮಾಡಿ ಬಿಸಿ ಕಾಫಿಗೆ ಹಾಕಿ ಕುಡೀತಾರೆ! ನೀನು ಮುಖ ಸಿಂಡರಿಸ್ತಿರೋದು ಕಾಣ್ತಿದೆ, ಆದ್ರೆ ಚೆನ್ನಾಗಿತ್ತು, ಇವಳಿಗೂ ಇಷ್ಟವಾಯ್ತು. ರಾತ್ರಿ ಹನ್ನೊಂದಾದ್ರೂ ಬಿಸಿಲು, ಹಾಗಾಗಿ ಯಾರಿಗೂ ಎದ್ದು ಹೋಗೋಕೆ ನೆಪ ಸಿಗ್ಲಿಲ್ಲ. ಸೊಳ್ಳೆ ಮಾತ್ರ ರಕ್ತ ಹೀರಿದ್ವು, ಪಲ್ಯದಲ್ಲಿ ಒಂದೆರಡು ಬಿದ್ದಿರಲೂಬಹುದು, ಯಾರೂ ಕೇಳ್ಲಿಲ್ಲ.

ನಾರ್ಡ್‌ಕಾಪ್ ಮುಟ್ಟಿದ್ದು ಜುಲೈ ಕೊನೆಗೆ ಸ್ವಲ್ಪ ಮುಂಚೆ. ಅದು ಮಾಗೆರೊಯ ಅನ್ನೋ ದ್ವೀಪದ ಮೇಲಿದೆ, 1999ರಲ್ಲಿ ಸಮುದ್ರದಡಿ ಸುರಂಗ ಮಾಡಿದಾರೆ, ನೀರಿನ ಮಟ್ಟಕ್ಕಿಂತ 212 ಮೀಟರ್ ಕೆಳಗೆ ಇಳಿದು ಮತ್ತೆ ಹತ್ತಬೇಕು, ನಮ್ ಗಾಡಿ ಎರಡನೇ ಗೇರಲ್ಲಿ ನರಳ್ತು. ಮೇಲೆ 307 ಮೀಟರಿನ ಬಂಡೆ ತುದಿ, ಕಬ್ಬಿಣದ ಗ್ಲೋಬು, ಸೆಲ್ಫಿಗೆ ಕ್ಯೂ. ನೋಡೋಕೆ ಹೇಳೋಷ್ಟೇನಿಲ್ಲ ಅಂತ ನನ್ನ ಅಭಿಪ್ರಾಯ, ಮಂಜು ಇದ್ರಂತೂ ಬಿಳಿ ಗೋಡೆ. ನಮ್ಮ ಇಟಲಿ ಸೈಕಲ್ಲಿನವನು ಅಲ್ಲೂ ಸಿಕ್ಕ, ಬಾಯ್ತುಂಬ ನಗ್ತಾ, "ಇದು ತುದಿಯೇ ಅಲ್ಲ, ಪಕ್ಕದ ಕ್ನಿವ್‌ಶೆಲೊಡ್ಡೆನ್ ಇನ್ನೂ ಉತ್ತರಕ್ಕಿದೆ, ನಾನು ಅಲ್ಲಿಗೆ ನಡ್ಕೊಂಡು ಹೋಗಿ ಬಂದೆ" ಅಂದ. ಹೌದಂತೆ, ಹೋಗಿ ಬರೋಕೆ ಹದಿನೆಂಟು ಕಿಲೋಮೀಟರ್ ನಡೀಬೇಕು, ಬಸ್ಸು ಹೋಗಲ್ಲ, ಅದಕ್ಕೇ ಅದು ಅಷ್ಟು ಹೆಸರಾಗಿಲ್ಲ. ಅವನೇ ಹೇಳಿದ್ದು, 1664ರಲ್ಲಿ ಫ್ರಾಂಚೆಸ್ಕೊ ನೆಗ್ರಿ ಅನ್ನೋ ಇಟಲಿ ಪಾದ್ರಿಯೊಬ್ಬ ಸುಮ್ಮನೆ ನೋಡೋಕೆ ಅಂತಲೇ ಇಲ್ಲಿಗೆ ಬಂದಿದ್ದನಂತೆ, ಇಲ್ಲಿನ ಮೊದಲ ಟೂರಿಸ್ಟ್ ಅಂತ ಅವನನ್ನೇ ಕರೀತಾರೆ. 1907ರಲ್ಲಿ ಸಯಾಮಿನ (ಈಗಿನ ಥಾಯ್ಲೆಂಡ್) ರಾಜ ಚುಲಾಲಾಂಗ್‌ಕಾರ್ನ್ ಕೂಡ ಬಂದಿದ್ದ, ಅವನ ನೆನಪಿಗೆ ಅಲ್ಲಿನ ಕಟ್ಟಡದೊಳಗೆ ಒಂದು ಪುಟ್ಟ ಥಾಯ್ ಮ್ಯೂಸಿಯಂ ಇದೆ. ರಾತ್ರಿಯಿಡೀ ಗಾಳಿ, ಗಾಡಿ ತೊಟ್ಟಿಲ ಹಾಗೆ ಅಂತ ಬರೆಯಲ್ಲ, ತೊಟ್ಟಿಲಲ್ಲಿ ಇಷ್ಟು ಭಯ ಆಗಲ್ಲ.

ಅಲ್ಲಿ ಪಕ್ಕದ ಗಾಡಿಯಲ್ಲಿ ಒಬ್ರು ಎಂಬತ್ತರ ಹತ್ರದ ಜರ್ಮನ್ ಅಜ್ಜ, ಒಬ್ರೇ. ಎರಡು ದಿಕ್ಕಿಗೂ ಎಲ್ರೂ ಬೇಗ ಬೇಗ ಹೋಗ್ತಿದ್ರೆ ಇವ್ರು ಮಾತ್ರ ಊರೂರಲ್ಲಿ ನಿಂತು ನಿಂತು ಹೋಗ್ತಿದ್ರು. ಅದೇ ದ್ವೀಪದ ಹೊನ್ನಿಂಗ್ಸ್‌ವೊಗ್ ಊರಿನ ಬಿಳಿ ಚರ್ಚು ನೋಡಿದ್ರಾ ಅಂತ ಕೇಳಿದ್ರು. ನೋಡಿದ್ವಿ, ಮರದ್ದು, ಸಣ್ಣದು, ಫೋಟೋ ತೆಗೆದು ಮುಂದೆ ಹೋಗಿದ್ವಿ. 1944ರ ಚಳಿಗಾಲದಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯೋವಾಗ ಫಿನ್‌ಮಾರ್ಕ್ ಪ್ರಾಂತ್ಯವನ್ನ ಸುಟ್ಕೊಂಡು ಹೋಯ್ತು ಸೀನ, ಮನೆ, ದೋಣಿಮನೆ, ಟೆಲಿಫೋನ್ ಕಂಬ, ಏನನ್ನೂ ಬಿಡ್ಲಿಲ್ಲ, ಹೊನ್ನಿಂಗ್ಸ್‌ವೊಗ್‌ನಲ್ಲಿ ಉಳಿದಿದ್ದು ಆ ಚರ್ಚೊಂದೇ. ಹಳೇ ಮನೆಗಳು ಯಾಕೆ ಎಲ್ಲೂ ಕಾಣಲ್ಲ, ಎಲ್ಲಾ ಯಾಕೆ ಒಂದೇ ಥರ ಪೆಟ್ಟಿಗೆ ಪೆಟ್ಟಿಗೆ ಅಂತ ನಾವು ದಾರಿಯುದ್ದಕ್ಕೂ ಮೂಗು ಮುರೀತಿದ್ವಲ್ಲ, ಕಾರಣ ಅದು, ಯುದ್ಧ ಮುಗಿದ್ಮೇಲೆ ಅವಸರದಲ್ಲಿ ಕಟ್ಟಿದ್ದು. ಅಜ್ಜನ ಅಪ್ಪ ಆ ಸೈನ್ಯದಲ್ಲಿದ್ರಂತೆ. ಮನೆಗೆ ಬಂದ್ಮೇಲೆ ಸಾಯೋವರೆಗೂ ಆ ವರ್ಷದ ಬಗ್ಗೆ ಬಾಯಿ ಬಿಡ್ಲಿಲ್ವಂತೆ. ಮುಂದಿನ ವಾರ ಹಾಮರ್‌ಫೆಸ್ಟಲ್ಲಿ ಮತ್ತೆ ಸಿಕ್ರು, ಅಲ್ಲಿ ಸುಟ್ಟ ಊರುಗಳನ್ನ ಮತ್ತೆ ಕಟ್ಟಿದ್ದರ ಮ್ಯೂಸಿಯಂ ಇದೆ, ಬೆಳಿಗ್ಗೆ ಒಳಗೆ ಹೋದೋರು ಬಾಗಿಲು ಹಾಕೋವಾಗ ಹೊರಗೆ ಬಂದ್ರು. ನಾವು ಅನ್ನ ಸಾರು ಇದೆ ಬನ್ನಿ ಅಂದ್ವಿ, ಇವತ್ತು ಬೇಡ ಅಂದ್ರು. ಅಷ್ಟೇ, ಆಮೇಲೆ ಸಿಗ್ಲಿಲ್ಲ.

ನಾರ್ವೆಯ ಆಲ್ಟಾ ಊರಿನ ಕಥೆ ಬೇಗ ಮುಗಿಸ್ತೀನಿ, ಬಂಡೆ ಮೇಲಿನ ಸಾವಿರಾರು ವರ್ಷದ ಚಿತ್ರಗಳು ಚೆನ್ನಾಗಿವೆ, ಹೋಗು. ಅಲ್ಲಿಂದ ಸ್ಕಿಬೊಟ್ನ್ ಹತ್ರ ಒಳಕ್ಕೆ ತಿರುಗಿ ಕಿಲ್ಪಿಸ್‌ಯಾರ್ವಿಗೆ ಬಂದ್ವಿ, ಮತ್ತೆ ಫಿನ್‌ಲ್ಯಾಂಡ್. ಅಲ್ಲೊಂದು ಮಜಾ ಜಾಗ ಇದೆ, ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಮೂರೂ ಸೇರೋ ಬಿಂದು, ಕೆರೆ ನೀರೊಳಗೆ ಹಳದಿ ಕಾಂಕ್ರೀಟ್ ಗುಡ್ಡೆ, ಸುತ್ತ ಮರದ ಹಲಗೆ. ಫಿನ್‌ಲ್ಯಾಂಡಿನ ಗಡಿಯಾರ ಉಳಿದೆರಡಕ್ಕಿಂತ ಒಂದು ಗಂಟೆ ಮುಂದೆ, ಮಗಳು ಸುತ್ತ ಓಡಿ ಓಡಿ ಗಂಟೆ ಕಳ್ಕೊಂಡು ಗಂಟೆ ಸಂಪಾದಿಸಿದ್ಲು. ದೋಣಿಯಲ್ಲಿ ಹೋಗಿ ಮೂರು ಕಿಲೋಮೀಟರ್ ನಡೆದ್ರೆ ಸಾಕು, ಆದ್ರೆ ಬರೋವಾಗ ಮಳೆ ಹಿಡ್ಕೊಳ್ತು, ಹತ್ರದಲ್ಲೇ ಒಂದು ಮರದ ಗುಡಿಸಲು, ನುಗ್ಗಿದ್ವಿ. ಫಿನ್‌ಲ್ಯಾಂಡಿನ ಕಾಡಲ್ಲಿ ಸರ್ಕಾರ ಇಂಥ ಗುಡಿಸಲು ಬೀಗ ಹಾಕ್ದೇ ಬಿಟ್ಟಿರತ್ತೆ, ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ, ಒಲೆ ಇರತ್ತೆ, ಸೌದೆ ಇರತ್ತೆ. ಒಳಗೆ ಆಗ್ಲೇ ಎಂಟು ಹತ್ತು ಜನ ಬೆಚ್ಚಗೆ ಕೂತಿದ್ರು. ನಾವು ಬಾಗಿಲಲ್ಲಿ ಸಂಕೋಚದಿಂದ ನಿಂತ್ರೆ, ಒಲೆ ಪಕ್ಕ ಕೂತಿದ್ದ ಇಬ್ರು ಒಂದೂ ಮಾತಾಡ್ದೇ ಎದ್ದು ಆ ಜಾಗ ನಮಗೆ ಬಿಟ್ರು. ಅಲ್ಲಿನ ನಿಯಮ ಅದಂತೆ, ಕೊನೆಗೆ ಬಂದವರಿಗೆ ಮೊದಲ ಹಕ್ಕು! ಯಾಕಂದ್ರೆ ಮೊದ್ಲು ಬಂದೋರು ಆಗ್ಲೇ ಬೆಚ್ಚಗಾಗಿ ಸುಧಾರಿಸ್ಕೊಂಡಿರ್ತಾರೆ, ಕೊನೆಗೆ ಬಂದೋರು ನೆಂದು ಸೋತಿರ್ತಾರೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದೋರು ನಾವು, ನಂಗೆ ಇದನ್ನ ನಂಬೋಕೆ ಸ್ವಲ್ಪ ಹೊತ್ತು ಹಿಡೀತು. ಫಿನ್ನಿಷ್ ಜನ ಮಾತಾಡಲ್ಲ ಅಂತಾರಲ್ಲ, ಹೌದು, ಅರ್ಧ ಗಂಟೆ ಮಾತಾಡಲ್ಲ, ಆಮೇಲೆ ಶುರು ಮಾಡಿದ್ರೆ ಡೈವೋರ್ಸಿನವರೆಗೂ ಹೇಳ್ತಾರೆ.

ಇನ್ನೊಂದು ಥರದ ಸಹಪ್ರಯಾಣಿಕರ ಬಗ್ಗೆ ಹೇಳದಿದ್ರೆ ಸುಳ್ಳಾಗತ್ತೆ. ಆಗಸ್ಟಲ್ಲಿ ಕೆಳಗೆ ಸ್ವೀಡನ್ನಿಗೆ ಇಳಿಯೋವಾಗ ರಸ್ತೆ ಬದಿ ಹಳೇ ವ್ಯಾನುಗಳು, ಕಾಡಿಂದ ಬಕೆಟ್ ಹೊತ್ಕೊಂಡು ಬರ್ತಿರೋ ಜನ, ಎಲ್ಲಾ ಥಾಯ್ಲೆಂಡಿನವ್ರು. ಪ್ರತಿ ಬೇಸಿಗೆ ಕಾಡುಹಣ್ಣು ಕೀಳೋಕೆ ಅಷ್ಟು ದೂರದಿಂದ ಬರ್ತಾರೆ, ಬರೋ ಖರ್ಚಿಗೆ ಸಾಲ ಮಾಡಿ ಬರೋರೇ ಜಾಸ್ತಿ, ಹಣ್ಣು ಚೆನ್ನಾಗಿ ಬಿಡದ ವರ್ಷ ಸಾಲವೇ ತೀರಲ್ಲ, ಫಿನ್‌ಲ್ಯಾಂಡಲ್ಲಿ ಈ ವಿಷಯ ಮಾನವ ಸಾಗಣೆ ಕೇಸಾಗಿ ಕೋರ್ಟಿಗೂ ಹೋಗಿದೆ. ಒಂದು ಪಾರ್ಕಿಂಗಲ್ಲಿ ಒಬ್ಬ ಹೆಂಗಸು ನಮ್ಮ ಒಗ್ಗರಣೆ ವಾಸನೆಗೆ ಬಂದು ನಿಂತ್ಲು, ಭಾಷೆ ಬರಲ್ಲ, ನಗ್ತಾಳೆ, ಇವಳು ಒಂದು ಹಿಡಿ ಒಣಮೆಣಸಿನಕಾಯಿ ಕೊಟ್ಲು, ಅವಳು ಒಂದು ಲೋಟ ಬ್ಲೂಬೆರಿ ಕೊಟ್ಲು. ಅವ್ರೂ ಗಾಡಿಯಲ್ಲೇ ಕೂತು ಊಟ ಮಾಡ್ತಿದ್ರು, ನಾವೂ ಗಾಡಿಯಲ್ಲೇ. ಅವತ್ತು ರಾತ್ರಿ ನಾನೂ ಇವಳೂ ಜಾಸ್ತಿ ಮಾತಾಡ್ಲಿಲ್ಲ.

ಖಾಲಿ ಜಾಗ ಅಂತ ನೀನಂದೆಯಲ್ಲ, ಅದನ್ನ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಮುಂದೆ ಹೇಳ್ಬೇಡ. ಅವ್ರ ನಾಡು ಅದು, ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ ನಾಲ್ಕರಲ್ಲೂ ಹರಿದು ಹಂಚಿದೆ. ರಸ್ತೇಲಿ ಅಡ್ಡ ನಿಲ್ಲೋ ಪ್ರತಿ ಹಿಮಸಾರಂಗಕ್ಕೂ ಒಬ್ಬ ಯಜಮಾನ ಇದಾನೆ, ಕಿವಿಯಲ್ಲಿ ಗುರುತು ಕೊಯ್ದಿರ್ತಾರೆ. ಎಷ್ಟಿವೆ ನಿಮ್ ಹತ್ರ ಅಂತ ಮಾತ್ರ ಕೇಳ್ಬಾರ್ದು, ಬ್ಯಾಂಕ್ ಬ್ಯಾಲೆನ್ಸ್ ಕೇಳಿದ ಹಾಗೆ ಅಂತ ಇನಾರಿಯಲ್ಲಿ ಕಾಫಿ ಅಂಗಡಿಯವಳು ಮೊದ್ಲೇ ಎಚ್ಚರಿಸಿದ್ಲು.

ನೀನೂ ಅತ್ತಿಗೆಯೂ ಬರೋದಾದ್ರೆ ಜೂನ್ ಜುಲೈ ಬೇಡ, ಸೊಳ್ಳೆ ತಿಂದುಬಿಡ್ತವೆ. ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಬನ್ನಿ, ಮಧ್ಯರಾತ್ರಿ ಸೂರ್ಯ ಸಿಗಲ್ಲ ಆದ್ರೆ ಕತ್ತಲೆ ವಾಪಸ್ ಬಂದಿರತ್ತೆ, ಅದೃಷ್ಟ ಇದ್ರೆ ನಾರ್ದರ್ನ್ ಲೈಟ್ಸ್ ಕಾಣತ್ತೆ, ಕಾಡೆಲ್ಲ ಕೆಂಪು ಹಳದಿ. ಕೆಲವು ಕ್ಯಾಂಪ್‌ಸೈಟ್ ಅಷ್ಟೊತ್ತಿಗೆ ಮುಚ್ಚಿರ್ತವೆ, ನೋಡ್ಕೊಳ್ಳೋಣ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಿಂದ್ಲೇ ಮಾಡ್ಸ್ಕೊಂಡು ಬಾ, ಇಲ್ಲಿ ಬಂದು ಮಾಡ್ಸೋಕಾಗಲ್ಲ. ವೀಸಾಗೆ ಈಗ್ಲೇ ಅಪಾಯಿಂಟ್‌ಮೆಂಟ್ ಹುಡುಕು. ಬರೋವಾಗ ಒಂದು ಕೆಜಿ ಬ್ಯಾಡಗಿ ಮೆಣಸಿನಕಾಯಿ ತಾ, ಇದ್ದಿದ್ದು ಖಾಲಿಯಾಗಿದೆ. ಮತ್ತೆ ಕ್ಯಾಸೆಟ್ ಖಾಲಿ ಮಾಡೋ ಪಾಳಿ ನಿಂದು, ಈಗ್ಲೇ ಹೇಳಿದೀನಿ.

ನಿನ್ನ,
ಗುಂಡ