ಬಸು, ಶನಿವಾರದ ಹರಾಜಿಗೆ ಮುಂಚೆ ಇದನ್ನು ಓದು

ಡೊಂಬಿವಲಿ
ಮಂಗಳವಾರ ರಾತ್ರಿ

ಪ್ರೀತಿಯ ಬಸು,

ನಿನ್ನ ಪತ್ರ ಎರಡು ಸಲ ಓದಿದೆ. ಗಾಂಧಾರಿ ಅನ್ನುವ ಹೆಸರಿರುವ ಹಳೇ ರೆಕಾರ್ಡ್ ಆನ್‌ಲೈನ್ ಹರಾಜಿಗೆ ಬಂದಿದೆ, ಶನಿವಾರ ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ, ‘ಎಷ್ಟಾದರೂ ಆಗಲಿ, ಬಿಡುವುದಿಲ್ಲ’ ಅಂತ ಬರೆದಿದ್ದೀಯ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಇದೇ ಮುಂಬೈಗೆ ಬಂದು ಹಾಡಿದಾಗ ಅವರ ರೆಕಾರ್ಡ್‌ಗಳು ಆ ಹೆಸರಲ್ಲೇ ಹೊರಬಂದಿದ್ದವು. ಪುಣೆಯಲ್ಲಿ ಕೂತು ನಮ್ಮ ಹುಬ್ಬಳ್ಳಿಯ ದನಿಯನ್ನು ಕೈಯಲ್ಲಿ ಹಿಡಿಯುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ‘ಎಷ್ಟಾದರೂ ಆಗಲಿ’ ಅನ್ನುವ ಮಾತು ಓದಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಹೋದ ವರ್ಷ ಅದೇ ಮಾತನ್ನು ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಅಪ್ಪನ ಗಡಿಯಾರ ನಿನಗೆ ನೆನಪಿದೆ ಅಲ್ವಾ? ಎಚ್‌ಎಂಟಿ ಪೈಲಟ್. ಕಪ್ಪು ಡಯಲ್, ಬಿಳಿ ಅಂಕಿ. ಬಸ್ಸಿಗೆ ರೈಟ್ ಹೇಳುವ ಮುಂಚೆ ಅಪ್ಪ ಮಣಿಕಟ್ಟು ತಿರುಗಿಸಿ ಅದನ್ನು ನೋಡುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೇ ಕೀಲಿ ಕೊಡುತ್ತಿದ್ದರು. ಆ ಕರಕರ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಆಮೇಲೆ ಸೆಲ್ ಹಾಕುವ ಗಡಿಯಾರಗಳು ಬಂದವು. ಅಪ್ಪ ಅದನ್ನು ಅಂಗಡಿಗೆ ಕೊಟ್ಟು ಹೊಸದೊಂದು ತಂದರು. ಎಚ್‌ಎಂಟಿಯವರು ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ ಮಾಡಲು ಶುರು ಮಾಡಿದ್ದು 1961ರಲ್ಲಿ. 2016ರಲ್ಲಿ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಆ ಸುದ್ದಿ ಓದಿದ ದಿನದಿಂದ ನನಗೆ ಆ ಕಪ್ಪು ಡಯಲ್ ಬೇಕು ಅನ್ನಿಸುತ್ತಲೇ ಇತ್ತು.

ಒಂದು ದಿನ ಹರಾಜಿನಲ್ಲಿ ಅಂಥದ್ದೇ ಒಂದು ಕಂಡಿತು. 800 ರೂಪಾಯಿಯಿಂದ ಶುರು. 2,500 ದಾಟಬಾರದು ಅಂತ ಬೆಳಗ್ಗೆಯೇ ತೀರ್ಮಾನ ಮಾಡಿದ್ದೆ. ರಾತ್ರಿ ದಾದರ್‌ನಲ್ಲಿ ಫಾಸ್ಟ್ ಲೋಕಲ್ ಹತ್ತಿದಾಗ 1,900 ಇತ್ತು. ಕುರ್ಲಾ ದಾಟುವಾಗ ನಾನು 2,500 ಹಾಕಿದೆ. ಅರ್ಧ ನಿಮಿಷದಲ್ಲಿ ಇನ್ನೊಬ್ಬ 2,600 ಹಾಕಿದ. ನೂರು ರೂಪಾಯಿಗೆ ಅಪ್ಪನ ಗಡಿಯಾರ ಬಿಡುವುದೇ ಅನ್ನಿಸಿತು. ನೋಡು ಬಸು, ಆಗಲೇ ಅದು ನನ್ನ ಮನಸ್ಸಿನಲ್ಲಿ ‘ಅಪ್ಪನ ಗಡಿಯಾರ’ ಆಗಿಬಿಟ್ಟಿತ್ತು. ಯಾರೋ ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದಾರೆ ಅನ್ನುವ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಠಾಣೆ ಬರುವಾಗ 4,800. ಕೊನೆ ಗಳಿಗೆಯಲ್ಲಿ ಯಾರಾದರೂ ಬೆಲೆ ಏರಿಸಿದರೆ ಅಲ್ಲಿ ಮೂರು ನಿಮಿಷ ಹೆಚ್ಚುವರಿ ಸಿಗುತ್ತದೆ. ಹಾಗಾಗಿ ಅದು ಮುಗಿಯಲೇ ಇಲ್ಲ. ಡೊಂಬಿವಲಿಯಲ್ಲಿ ಇಳಿದು ಪ್ಲಾಟ್‌ಫಾರ್ಮ್ ಮೇಲೆ ಜನ ತಳ್ಳಾಡುವ ನಡುವೆ ನಿಂತೇ 6,900 ಒತ್ತಿದೆ. ಗಡಿಯಾರ ನನ್ನದಾಯಿತು. ಕಮಿಷನ್, ಕೊರಿಯರ್ ಸೇರಿ 7,800 ಹೋಯಿತು.

ಖುಷಿ ಮನೆಯ ಮೆಟ್ಟಿಲು ಹತ್ತುವವರೆಗೂ ಉಳಿಯಲಿಲ್ಲ. ಆ ದುಡ್ಡು ಅವ್ವನ ಕಣ್ಣಿನ ಪರೀಕ್ಷೆಗೆ ಅಂತ ತೆಗೆದಿಟ್ಟದ್ದು. ಸುಮಾಳಿಗೆ ಹೇಳದೆ ಮುಚ್ಚಿಟ್ಟ ಆ ಹತ್ತು ದಿನಗಳನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಪೊಟ್ಟಣ ಬಂದ ಮೇಲೆ ದಾದರ್‌ನ ಗಡಿಯಾರ ರಿಪೇರಿ ಅಜ್ಜನ ಹತ್ತಿರ ಒಯ್ದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿ ಒಂದು ನಿಮಿಷವೂ ನೋಡಲಿಲ್ಲ. ಡಯಲ್‌ಗೆ ಹೊಸದಾಗಿ ಬಣ್ಣ ಹೊಡೆದಿದ್ದಾರೆ, ಅಕ್ಷರ ದಪ್ಪಗಿದೆ, ನಿಮಿಷದ ಗೆರೆಗಳು ಅಂಕಿಗೆ ಸರಿಯಾಗಿ ಕೂತಿಲ್ಲ, ಮುಳ್ಳುಗಳು ಬೇರೆ ಯಾವುದೋ ಗಡಿಯಾರದ್ದು ಅಂದರು. ಹೀಗೆ ಬಣ್ಣ ಹೊಡೆದು, ಬಿಡಿಭಾಗ ಬೆರೆಸಿ ಮಾರುವ ಹಳೇ ಗಡಿಯಾರಗಳಿಗೆ ಹೊರದೇಶದ ಸಂಗ್ರಹಕಾರರು ನಮ್ಮ ಊರಿನ ಹೆಸರನ್ನೇ ಇಟ್ಟು ‘ಮುಂಬೈ ಸ್ಪೆಷಲ್’ ಅನ್ನುತ್ತಾರಂತೆ. ಮನೆಗೆ ಬಂದು ಹರಾಜಿನ ಫೋಟೋ ತೆಗೆದು ನೋಡಿದೆ. ಅಕ್ಷರ ಅಲ್ಲೂ ದಪ್ಪಗೇ ಇತ್ತು. ಮೊದಲ ದಿನದಿಂದ ಇತ್ತು.

ಆ ರಾತ್ರಿಯಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಅಮೆರಿಕದ ಎಣ್ಣೆ ಕಂಪನಿಯೊಂದರ ಮೂವರು ಎಂಜಿನಿಯರ್‌ಗಳು 1971ರಲ್ಲಿ ಒಂದು ಲೇಖನ ಬರೆದರು. ಸಮುದ್ರದಡಿಯ ಎಣ್ಣೆ ಜಾಗಗಳನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಯಾಕೆ ಬರುತ್ತಿಲ್ಲ ಅನ್ನುವುದು ಅವರ ಪ್ರಶ್ನೆ. ಅಲ್ಲಿ ಎಷ್ಟು ಎಣ್ಣೆ ಇದೆ ಅಂತ ಎಲ್ಲರೂ ಅಂದಾಜೇ ಮಾಡಬೇಕು. ಯಾರ ಅಂದಾಜು ಎಲ್ಲರಿಗಿಂತ ಜಾಸ್ತಿ ತಪ್ಪಿ ಮೇಲಕ್ಕೆ ಹೋಗಿರುತ್ತದೋ ಅವರೇ ಗೆಲ್ಲುವ ಸಂಭವ ಹೆಚ್ಚು. ನನ್ನ ಹರಾಜಿನಲ್ಲಿ ಹನ್ನೊಂದು ಜನ ಇದ್ದರು. ಬೇಗ ಹಿಂದೆ ಸರಿದವರನ್ನು ನಾನು ಸೋತವರು ಅಂದುಕೊಂಡಿದ್ದೆ. ಅವರಲ್ಲಿ ಕೆಲವರಾದರೂ ಆ ದಪ್ಪ ಅಕ್ಷರ ನೋಡಿಯೇ ಬಿಟ್ಟಿರಬೇಕು.

ನಮ್ಮ ಓಣಿಯ ಗಣಪತಿ ಲಿಲಾವು ನೆನಪು ಮಾಡಿಕೋ. ತೆಂಗಿನಕಾಯಿಗೆ ಸವಾಲು ಕೂಗುತ್ತಿದ್ದರು. ‘ಒಂದು ಸಲ, ಎರಡು ಸಲ’ ಅನ್ನುವಾಗ ನಮ್ಮ ಎದೆಯೂ ಡವಡವ ಅನ್ನುತ್ತಿತ್ತು. ಅಲ್ಲಿ ಜಾಸ್ತಿ ಕೊಟ್ಟರೂ ಪಶ್ಚಾತ್ತಾಪ ಇರಲಿಲ್ಲ, ದುಡ್ಡು ದೇವರಿಗೆ ಹೋಗುತ್ತಿತ್ತು. ಆದರೂ ಒಂದು ವರ್ಷ ನಮ್ಮ ಸಣ್ಣ ಕಾಕಾ ಹಟಕ್ಕೆ ಬಿದ್ದು ಕೂಗುತ್ತಾ ಹೋದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವನ ಕೈ ಗಟ್ಟಿಯಾಗಿ ಹಿಡಿದು ‘ಸಾಕು ಬಿಡಪಾ’ ಅಂದರು. ಕಾಕಾ ಕೂತುಬಿಟ್ಟ. ತುಂಬಿದ ಲೋಕಲ್‌ನಲ್ಲಿ ನನ್ನ ಮೈಗೆ ಮೈ ತಾಗಿ ನೂರು ಜನ ನಿಂತಿದ್ದರು. ನಾನು ಏನು ಮಾಡುತ್ತಿದ್ದೇನೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ರೆಕಾರ್ಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಎರಡೂ ಬದಿಯ ಫೋಟೋ ಕೇಳು, ಬೆಳಕು ಓರೆಯಾಗಿ ಬೀಳುವ ಹಾಗೆ. ಆ ಕಾಲದವು ಅರಗಿನ ತಟ್ಟೆಗಳು, ಕೂದಲಿನಂಥ ಬಿರುಕು ನೇರ ಬೆಳಕಿನಲ್ಲಿ ಕಾಣದೇ ಹೋಗಬಹುದು. ನಿನ್ನ ಎಲ್‌ಪಿ ಪ್ಲೇಯರ್‌ನ ಸೂಜಿ ಅದಕ್ಕೆ ನಡೆಯುವುದಿಲ್ಲ, ದಪ್ಪ ಸೂಜಿ ಬೇಕು, ಅದರ ಖರ್ಚನ್ನೂ ಸೇರಿಸಿಕೋ. ಆ ಹರಾಜಿನಲ್ಲಿ ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಡುವ ಸೌಲಭ್ಯ ಇದೆಯಾ ನೋಡು. ಇದ್ದರೆ ನಿನ್ನ ಪರವಾಗಿ ಅದೇ ಹಂತಹಂತವಾಗಿ ಬೆಲೆ ಏರಿಸುತ್ತದೆ. ನೀನು 5,000 ಬರೆದು, ಎರಡನೆಯವನು 3,000ಕ್ಕೆ ನಿಂತರೆ, ನೀನು ಕೊಡುವುದು 3,000ದ ಮೇಲೆ ಒಂದು ಹಂತ ಮಾತ್ರ. ಹಾಗಾಗಿ ಫೋನ್ ಹಿಡಿದು ಕಾಯುವ ಕೆಲಸವೇ ಇಲ್ಲ. ನನಗೆ ಆ ದಿನ ಈ ಸೌಲಭ್ಯ ಇತ್ತು. ಬಳಸಲಿಲ್ಲ.

ಇಂಟರ್‌ನೆಟ್ಟಿನಲ್ಲಿ ದೊಡ್ಡ ಹೆಸರು ಮಾಡಿದ ಹರಾಜಿನ ತಾಣ ಇಬೇ 1995ರಲ್ಲಿ ಶುರುವಾದಾಗ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಅದು ಕೆಟ್ಟಿದೆ ಅಂತ ಗೊತ್ತಿದೆಯಾ ಅಂತ ಕೇಳಿದರೆ, ಕೆಟ್ಟ ಪಾಯಿಂಟರ್‌ಗಳನ್ನೇ ಕೂಡಿಡುತ್ತೇನೆ ಅಂದನಂತೆ ಕೊಂಡವನು. ಅವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಿತ್ತು. ಅವನ ಬಗ್ಗೆ ನನಗೆ ಗೌರವವಿದೆ.

ಸುಮಾಳಿಗೆ ಕೊನೆಗೂ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಅವ್ವನನ್ನು ಮುಂದಿನ ತಿಂಗಳ ಸಂಬಳದಲ್ಲಿ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಗಡಿಯಾರ ಅವ್ವನ ಕೈಗೆ ಕೊಟ್ಟಾಗ ತಿರುಗಿಸಿ ನೋಡಿ, ‘ಇದು ಅವರದಲ್ಲ’ ಅಂದಳು, ವಾಪಸ್ ಕೊಟ್ಟಳು.

ನೀನು ಒಂದು ಕೆಲಸ ಮಾಡು. ಕೊಡಬಹುದಾದ ಹೆಚ್ಚಿನ ಬೆಲೆ ಎಷ್ಟು ಅಂತ ಕಮಿಷನ್ ಸಮೇತ ಲೆಕ್ಕ ಹಾಕಿ, ಶುಕ್ರವಾರದೊಳಗೆ ನನಗೆ ಬರೆದು ಕಳಿಸು. ಅದನ್ನು ಒಂದೇ ಸಲ ಹರಾಜಿನಲ್ಲಿ ಹಾಕು. ಶನಿವಾರ ಎಂಟೂ ಮುಕ್ಕಾಲಿಗೆ ನಾನು ಫೋನ್ ಮಾಡುತ್ತೇನೆ. ಒಂಬತ್ತೂಕಾಲಿನವರೆಗೆ ಇಡುವುದಿಲ್ಲ. ಊರಿನ ಸುದ್ದಿ ಬೇಕಾದಷ್ಟಿದೆ.

ನಿನ್ನ
ಪ್ರಕಾಶ